ಕಾಳಿ ಮತ್ತು ಕೋಳಿ

ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಹೋಗುವುದು ಮುಧೋಳ ನಾಯಿಯ ಹುಟ್ಟುಗುಣ. ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ತಳಿ ಅದು. ಉದ್ದ ತಲೆ, ಆಳವಾದ ಎದೆ, ಸಣ್ಣ ಸೊಂಟ. ಮೊಲದ ಹಿಂದೆ ಬಿದ್ದರೆ ಗಾಳಿಯೇ. ಬಾಗಲಕೋಟೆ ಜಿಲ್ಲೆಯ ಮುಧೋಳದ ಘೋರ್ಪಡೆ ಅರಸರು ಇದನ್ನು ಸಾಕಿ ಬೆಳೆಸಿದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. ಇಂಥದ್ದೊಂದು ಎರಡು ತಿಂಗಳ ಮರಿಯನ್ನು ನನ್ನ ಮಗ ಜಿನನಾಥಪುರದ ನಮ್ಮ ಮನೆಗೆ ತಂದಾಗ ಹಿತ್ತಲಲ್ಲಿ ಒಂಬತ್ತು ನಾಟಿ ಕೋಳಿಗಳಿದ್ದವು. ಒಂದು ಕಾವಿಗೆ ಕೂತಿತ್ತು. ಕೋಳಿಗಳೆಲ್ಲ ನನ್ನ ಮೊಮ್ಮಗಳವು. "ತಾತ, ಒಂದು ಮರಿ ಸತ್ತರೂ ನಾಯಿ ವಾಪಸ್" ಎಂದು ಅವಳು ಮೊದಲ ದಿನವೇ ಹೇಳಿಬಿಟ್ಟಳು.

ಆದರೂ ಹೆಸರಿಟ್ಟವಳು ಅವಳೇ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ವೀರಗಲ್ಲಿತ್ತು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಣಲೆರ ಎಂಬ ವೀರನ ಬೇಟೆನಾಯಿ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿ, ಎರಡೂ ಸತ್ತವು. ಆ ನಾಯಿಗಾಗಿ ಕಲ್ಲು ನಿಲ್ಲಿಸಿದರು. ಕಾದಾಟದ ಚಿತ್ರವನ್ನೂ ಕೆತ್ತಿಸಿದರು. ನಾಯಿಯ ಹೆಸರು ಕಾಳಿ. ನಾನು ಹೇಳಿದ ಈ ಕಥೆ ಕೇಳಿ ನಮ್ಮ ಬೆಳ್ಳಗಿನ ಮರಿಗೂ ಕಾಳಿ ಎಂದೇ ಹೆಸರಾಯಿತು. ಆ ಕಾಳಿ ಕೊಂದು ಹೆಸರು ಪಡೆಯಿತು, ಈ ಕಾಳಿ ಕೊಲ್ಲದೆ ಪಡೆಯಬೇಕಿತ್ತು.

ಊರಿನ ಹಿರಿಯರೊಬ್ಬರು ಹಳೆಯ ಮದ್ದು ಹೇಳಿದರು: ಕೋಳಿ ಹಿಡಿದರೆ ಆ ಸತ್ತ ಕೋಳಿಯನ್ನೇ ನಾಯಿಯ ಕೊರಳಿಗೆ ಕಟ್ಟಿ ಬಾರಿಸಿ. ನನಗೆ ಒಪ್ಪಿಗೆಯಾಗಲಿಲ್ಲ. ಹಾಗೆ ಮಾಡುವುದಕ್ಕೆ ಮೊದಲು ಒಂದು ಕೋಳಿ ಸಾಯಬೇಕಲ್ಲ! ಪೆಟ್ಟು ತಿಂದ ನಾಯಿಗೆ ಹೊಡೆದವನ ಭಯ ಬರುತ್ತದೆಯೇ ಹೊರತು ಕೋಳಿಯ ಆಸೆ ಹೋಗುವುದಿಲ್ಲ.

ಬ್ಯಾಂಕಿನ ಭದ್ರತಾ ಕೊಠಡಿಗೆ ಎರಡು ಬೀಗದ ಕೈಗಳಿರುತ್ತವೆ, ಇಬ್ಬರ ಹತ್ತಿರ. ಒಬ್ಬರೇ ತೆರೆಯುವ ಹಾಗಿಲ್ಲ. ಹಾಗೆಂದು ಅವರಿಬ್ಬರಲ್ಲಿ ಯಾರೂ ಕಳ್ಳರಲ್ಲ. ಇದೇ ಕಾನೂನನ್ನು ಹಿತ್ತಲಿಗೆ ತಂದೆ. ಕೋಳಿಗೂಡಿನ ಚಿಲಕ ಮೊಮ್ಮಗಳದು, ಕಾಳಿಯ ಹಗ್ಗ ನನ್ನದು. ಇಬ್ಬರೂ ಇಲ್ಲದೆ ಎರಡೂ ಒಟ್ಟಿಗೆ ಬಿಚ್ಚುವಂತಿಲ್ಲ.

ಮೊದಲ ವಾರ ವಾಸನೆಯ ಪಾಠ. ಕೋಳಿಗೂಡಿನಲ್ಲಿದ್ದ ಗೋಣಿಚೀಲವನ್ನು ಕಾಳಿಯ ಹಾಸಿಗೆಯ ಕೆಳಗೆ ಹಾಕಿದೆವು. ಆಮೇಲೆ ತಂತಿಬಲೆಯ ಆಚೆ ಕೋಳಿಗಳು, ಈಚೆ ಇಪ್ಪತ್ತು ಅಡಿ ದೂರದಲ್ಲಿ ಕಾಳಿಯ ಊಟದ ತಟ್ಟೆ. ದಿನ ಕಳೆದಂತೆ ತಟ್ಟೆಯನ್ನು ಒಂದೊಂದು ಅಡಿ ಹತ್ತಿರ ಸರಿಸಿದೆವು.

ಮಕ್ಕಳೇ, ನಾಯಿ ಸಾಕುವವರು ನೋಡಬೇಕಾದದ್ದು ಅದರ ಓಟವನ್ನಲ್ಲ, ಓಟಕ್ಕೆ ಮುಂಚಿನ ಕ್ಷಣವನ್ನು. ಬಾಲ ನಿಲ್ಲುತ್ತದೆ. ತೆರೆದ ಬಾಯಿ ಮುಚ್ಚುತ್ತದೆ. ಮುಂಗಾಲೊಂದು ಮೇಲೇಳುತ್ತದೆ. ಕರೆಯಬೇಕಾದದ್ದು ಆಗಲೇ. ಓಟ ಶುರುವಾದ ಮೇಲೆ ದೇವರೇ ಕರೆದರೂ ಅದಕ್ಕೆ ಕೇಳಿಸದು. ಕರೆದಾಗ ತಿರುಗಿ ನೋಡಿದರೆ ಬೇಯಿಸಿದ ಮೊಟ್ಟೆಯ ಒಂದು ಚೂರು ಬಹುಮಾನ. ಕೋಳಿ ಬಿಟ್ಟದ್ದಕ್ಕೆ ಕೋಳಿಯದೇ ಮೊಟ್ಟೆ ಎಂದು ಮೊಮ್ಮಗಳು ಬಿದ್ದು ಬಿದ್ದು ನಕ್ಕಳು.

ಇಪ್ಪತ್ತೊಂದು ದಿನದ ಕಾವು ಮುಗಿದು, ಇಟ್ಟ ಹನ್ನೊಂದು ಮೊಟ್ಟೆಗಳಲ್ಲಿ ಒಂಬತ್ತು ಒಡೆದವು. ನಿಜವಾದ ಪರೀಕ್ಷೆ ಆಗ ಬಂತು. ದೊಡ್ಡ ಕೋಳಿ ನಡೆಯುತ್ತದೆ, ಮರಿಗಳು ಉರುಳುತ್ತವೆ. ಹತ್ತಿಯ ಉಂಡೆಗಳಂತೆ ಕೀಚುಗುಟ್ಟುತ್ತ ಅತ್ತಿತ್ತ ಓಡುವ ಅವುಗಳನ್ನು ಬಲೆಯ ಈಚೆಯಿಂದ ನೋಡಿ ಕಾಳಿಯ ಮೈ ನಡುಗಿತು. ಮೊಮ್ಮಗಳು "ಕಾಳೀ" ಎಂದಳು. ನಾನು ನೋಟು ಎಣಿಸುವ ಹಾಗೆ ಎಣಿಸತೊಡಗಿದೆ. ಹನ್ನೊಂದಕ್ಕೆ ಬಂದಾಗ ಅದು ತಿರುಗಿತು. ನೋಟ್‌ಪುಸ್ತಕದಲ್ಲಿ 11 ಎಂದು ಬರೆದುಕೊಂಡೆ. ಮಾರನೆಯ ದಿನ 9. ಅದರ ಮಾರನೆಯ ದಿನ ಮತ್ತೆ 12. ಗುಡುಗಿತ್ತು, ಕೋಳಿಗಳೂ ಗಾಬರಿಯಾಗಿದ್ದವು. ವಾರದ ಕೊನೆಗೆ 6. ಒಂದು ದಿನ ಮೂಗನ್ನು ಬಲೆಗೆ ಒತ್ತಿದಾಗ ತಾಯಿಕೋಳಿ ಠಪ್ಪೆಂದು ಕುಕ್ಕಿತು. ನಾನು ಹದಿನೈದು ದಿನದಲ್ಲಿ ಕಲಿಸಿದ್ದಕ್ಕಿಂತ ಹೆಚ್ಚನ್ನು ಆಕೆ ಒಂದೇ ಏಟಿಗೆ ಕಲಿಸಿದಳು ಅನ್ನಿ.

ಲಸಿಕೆಗಳೆಲ್ಲ ಮುಗಿದ ಮೇಲೆ ಬೆಳಗಿನ ನಡಿಗೆ ಶುರುವಾಯಿತು. ನಮ್ಮೂರಿನ ಶಾಂತಿನಾಥ ಬಸದಿಯವರೆಗೆ ಹೋಗಿ, ಹೊಯ್ಸಳರ ಕಾಲದ ಆ ಕೆತ್ತನೆಗಳ ಗೋಡೆಯನ್ನು ದೂರದಿಂದಲೇ ನೋಡಿಕೊಂಡು ಬರುತ್ತೇವೆ. ಮೈ ದಣಿದ ನಾಯಿಗೆ ಮಾತು ಬೇಗ ಕೇಳಿಸುತ್ತದೆ. ಬಂದ ಕೂಡಲೇ ಉದ್ದ ಹಗ್ಗ ಕಟ್ಟಿ, ಬಲೆಯಿಲ್ಲದೆ ಕೋಳಿಗಳ ನಡುವೆ ಕೂರಿಸುತ್ತಿದ್ದೆವು. ಮೊದಲು ಐದು ನಿಮಿಷ, ತಿಂಗಳ ಮೇಲೆ ಅರ್ಧ ಗಂಟೆ. ಪುಸ್ತಕದಲ್ಲಿ 2 ಎಂಬ ಅಂಕಿ ಸತತ ಹತ್ತು ದಿನ ಬಂದ ಮೇಲೆಯೇ ಹಗ್ಗವನ್ನು ಕೈಯಿಂದ ಬಿಟ್ಟೆ. ಕೊರಳಿನಿಂದ ಬಿಚ್ಚಲಿಲ್ಲ, ನೆಲದ ಮೇಲೆ ಎಳೆದಾಡಲು ಬಿಟ್ಟೆ.

ಈಗ ಕಾಳಿಗೆ ಎಂಟು ತಿಂಗಳು. ಕಳೆದ ತಿಂಗಳು ಬೇಲಿಯ ಸಂದಿಯಲ್ಲಿ ಮುಂಗುಸಿ ಬಂತು. ಅದು ಕೋಳಿಮರಿಗಳ ದೊಡ್ಡ ಶತ್ರು. ಕಾಳಿ ಮರಿಗಳನ್ನು ದಾಟಿ ಬೇಲಿಯ ಬಳಿ ನಿಂತು ಬೊಗಳಿತು, ಮುಂಗುಸಿ ಓಡಿತು. ನಾನು ತಕ್ಷಣ ಹಗ್ಗ ಹಿಡಿದೆ. ಮುಂಗುಸಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಬೊಗಳಿದರೆ ಸಾಕು.

ಒಂಬತ್ತು ಮರಿಗಳಲ್ಲಿ ಒಂದನ್ನು ಹದ್ದು ಒಯ್ದಿತು. ಎಂಟು ದೊಡ್ಡವಾಗಿವೆ. ಕಾಳಿ ಅವುಗಳ ಪಕ್ಕದಲ್ಲೇ ಬಿಸಿಲು ಕಾಯಿಸುತ್ತದೆ, ಒಂದು ಹುಂಜ ಅದರ ಬೆನ್ನೇರಿ ಕೂಗುವುದೂ ಉಂಟು. ನೋಡಿದವರು "ಇನ್ನೇನು, ಬಿಟ್ಟು ಹೋಗಬಹುದಲ್ಲ" ಅನ್ನುತ್ತಾರೆ. ನಾವು ಸಂತೆಗೆ ಹೊರಟರೆ ಈಗಲೂ ಕೋಳಿಗಳು ಗೂಡಿಗೆ, ಕಾಳಿ ಪಡಸಾಲೆಗೆ. ಮೊಮ್ಮಗಳು ಚಿಲಕ ಎಳೆದು ನೋಡಿ "ತಾತ, ನನ್ನ ಕೀಲಿ ಆಯ್ತು, ನಿಮ್ಮದು?" ಎಂದು ಕೂಗುತ್ತಾಳೆ.