ಮೂಕಜ್ಜಿ ಮತ್ತು ನಮ್ಮ ಫುಪ್ಪಿ

ಕಾಮರ್ಸ್ ಮಕ್ಕಳ ಕೈಯಲ್ಲಿ ಕಾದಂಬರಿ ಕಂಡರೆ ಎಲ್ಲರೂ ಮೊದಲು ಕೇಳುವುದು, "ಪರೀಕ್ಷೆಗೆ ಉಂಟಾ?" ಎಂದು. ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' ನನಗೆ ಪರೀಕ್ಷೆಗೆ ಇಲ್ಲ. ಆದರೂ ಮಳೆಗಾಲದಲ್ಲಿ ಅದನ್ನು ಎರಡು ಸಲ ಓದಿದೆ. ಎರಡನೇ ಸಲ ಒಬ್ಬಳೇ ಓದಲಿಲ್ಲ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈ ಕಾದಂಬರಿ ಬಂದದ್ದು 1968ರಲ್ಲಿ. 1977ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಕಾರಂತರಿಗೆ ಸಿಕ್ಕಿದ್ದು ಇದಕ್ಕೇ. ಅವರು ಹುಟ್ಟಿದ್ದು 1902ರಲ್ಲಿ, ಕೋಟದಲ್ಲಿ. ನಮ್ಮ ತಲ್ಲೂರಿನಿಂದ ಬಸ್ ಹತ್ತಿ ಕುಂದಾಪುರ ದಾಟಿ ಹೋದರೆ ಕೋಟ ಸಿಗುತ್ತದೆ. ಅಜ್ಜಿಯ ಹೆಸರು ಮೂಕಾಂಬಿಕೆ, ಅಂದರೆ ಕೊಲ್ಲೂರಿನ ದೇವಿಯ ಹೆಸರು. ಕುಂದಾಪುರದಿಂದ ಕೊಲ್ಲೂರಿಗೆ ಹೋಗುವ ಬಸ್ಸುಗಳು ನಮ್ಮೂರಿನ ಮೇಲೆಯೇ ಹೋಗುತ್ತವೆ. ಹಾಗಾಗಿ ಕಥೆ ದೂರದ್ದು ಅನ್ನಿಸಲಿಲ್ಲ.

ಮೂಕಜ್ಜಿ ಬಾಲವಿಧವೆ. ಗಂಡ, ಮಕ್ಕಳು, ಸಂಸಾರ ಯಾವುದೂ ಅವಳಿಗೆ ಸಿಗಲಿಲ್ಲ. ಆದರೆ ಅವಳಲ್ಲಿ ಒಂದು ವಿಚಿತ್ರ ಶಕ್ತಿ ಇದೆ. ಯಾವುದಾದರೂ ಹಳೆಯ ವಸ್ತುವನ್ನು ಕೈಗೆ ಕೊಟ್ಟರೆ, ಅದರ ಹಿಂದಿನ ಕಾಲ, ಆ ಕಾಲದ ಜನ, ಅವರ ಬದುಕು ಎಲ್ಲ ಅವಳ ಕಣ್ಣೆದುರು ಬರುತ್ತದೆ. ಇಂಥ ಕಥೆಗಳಿಗೆ ಈಗ ಮಾಂತ್ರಿಕ ವಾಸ್ತವ ಎನ್ನುತ್ತಾರೆ. ಅದಕ್ಕೆ ಪ್ರಸಿದ್ಧವಾದ ಮಾರ್ಕ್ವೆಜ್ ಅವರ ಕಾದಂಬರಿ ಬಂದದ್ದು 1967ರಲ್ಲಿ. ಮರು ವರ್ಷವೇ ನಮ್ಮ ಕರಾವಳಿಯ ಅಜ್ಜಿ ಬಂದಳು, ಯಾವ ಹೆಸರಿನ ಹಂಗೂ ಇಲ್ಲದೆ.

ದೇವರ ಬಗ್ಗೆ ಅಜ್ಜಿ ಹೇಳುವುದೆಲ್ಲ ನನ್ನ ನಂಬಿಕೆಗೆ ಹೊಂದುವುದಿಲ್ಲ. ಆದರೆ ನನಗೆ ಹತ್ತಿರವಾದದ್ದು ಅವಳ ಒಂಟಿತನ. ಅವಳ ಮಾತು ಹೊರಗೆ ಬರುವುದು ಮೊಮ್ಮಗ ಸುಬ್ಬರಾಯ ಪಕ್ಕದಲ್ಲಿ ಕುಳಿತು ಕೇಳಿದಾಗ. ಅವನು ಅವಳನ್ನು ಸರಿಮಾಡಲು ಹೋಗುವುದಿಲ್ಲ. ಕೇಳುತ್ತಾನೆ, ಅಷ್ಟೇ.

ನಮ್ಮ ಮನೆಯಲ್ಲಿ ಫುಪ್ಪಿ ಇದ್ದಾರೆ, ಅಬ್ಬಾನ ಅಕ್ಕ. ಮದುವೆಯಾದ ಮೂರನೇ ವರ್ಷಕ್ಕೆ ಒಬ್ಬರೇ ವಾಪಸ್ ಬಂದವರು. ಬಟ್ಟೆ ಹೊಲಿಯುತ್ತಾರೆ. ಮಾತು ಬಹಳ ಕಡಿಮೆ. ಹಳೆಯ ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ, ಇದು ಎಷ್ಟು ಸಲ ಒಗೆದದ್ದು, ಯಾವ ಕಡೆ ಮೊದಲು ಹರಿಯುತ್ತದೆ ಎಂದು ಹೇಳಬಲ್ಲರು. ಮೂಕಜ್ಜಿಯನ್ನು ಓದುವಾಗ ನನಗೆ ನೆನಪಾದದ್ದು ಆ ಬೆರಳುಗಳು. ಅವರಿಗೆ ಕನ್ನಡ ಓದಲು ಬರುವುದಿಲ್ಲ. ರಾತ್ರಿ ಹೊಲಿಗೆ ಮುಗಿದ ಮೇಲೆ ನಾನು ಒಂದೊಂದು ಪುಟ ಓದಿ ಉರ್ದುವಿನಲ್ಲಿ ಹೇಳತೊಡಗಿದೆ. ನಾನು ನಿಲ್ಲಿಸಿದರೆ "ಫಿರ್ ಕ್ಯಾ ಹುವಾ?" ಎನ್ನುತ್ತಿದ್ದರು.

ಒಂದು ರಾತ್ರಿ ಅವರೇ ಹೇಳಿದರು: "ಮದುವೆಮನೆಗೆ ಹೋದರೆ ಎಲ್ಲರೂ ನನ್ನನ್ನು ನೋಡಿ ಅಯ್ಯೋ ಪಾಪ ಅನ್ನುತ್ತಾರೆ. ನನಗೆ ಬೇಸರ ಆಗಿದೆ, ಅಳು ಬಂದಿದೆ. ಆದರೆ ನಾನು ಪಾಪ ಅಂತ ನನಗೆ ಯಾವತ್ತೂ ಅನಿಸಿಲ್ಲ, ಬೇಟಾ. ಈ ಮಿಷಿನ್ ನನ್ನ ದುಡ್ಡಿನದ್ದು." ಹದಿನೇಳು ವರ್ಷದಲ್ಲಿ ಅವರ ಬಾಯಿಂದ ಇಷ್ಟು ಉದ್ದದ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಅಕೌಂಟೆನ್ಸಿಯಲ್ಲಿ ತಾಳೆಪಟ್ಟಿ ಸರಿಹೊಂದದಿದ್ದರೆ ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ತಪ್ಪು ಸಿಕ್ಕಿದ ಮೇಲೆ ಆ ಖಾತೆ ಮುಚ್ಚಿಹೋಗುತ್ತದೆ. ನೆಂಟರು ಫುಪ್ಪಿಯನ್ನು ಇಷ್ಟು ವರ್ಷ ಹಾಗೆಯೇ ಇಟ್ಟಿದ್ದಾರೆ, ಯಾವುದೋ ತಪ್ಪು ಸರಿಯಾಗಬೇಕು ಎನ್ನುವ ಹಾಗೆ. ನನ್ನನ್ನೂ ನಾನು ಅಲ್ಲಿಯೇ ಇಟ್ಟುಕೊಂಡಿದ್ದೆ. ಮನೆಯಲ್ಲಿ ಉರ್ದು, ಬಸ್ಸಿನಲ್ಲಿ ಕುಂದಾಪ್ರ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಕನ್ನಡ ಮಾತಾಡಿದರೆ "ನೀನು ಓದಿದ ಹಾಗೆ ಮಾತಾಡ್ತೆ" ಎಂದು ನಗುತ್ತಾರೆ. ಉರ್ದು ಮಾತಾಡಿದರೆ ಊರಿಂದ ಬಂದ ಸಂಬಂಧಿಕರು ನಗುತ್ತಾರೆ. ಅದಕ್ಕೇ ಊಟದ ಬಿಡುವಿನಲ್ಲಿ ಹೆಚ್ಚಾಗಿ ಒಬ್ಬಳೇ ಕೂರುತ್ತೇನೆ. ಈಗಲೂ ಕೂರುತ್ತೇನೆ. ಆದರೆ ಕಾರಂತರ ಕನ್ನಡವನ್ನು ಫುಪ್ಪಿಯ ಉರ್ದುವಿಗೆ ದಾಟಿಸಲು ನಮ್ಮ ಮನೆಯಲ್ಲಿ ಇದ್ದದ್ದು ನಾನೊಬ್ಬಳೇ. ಎರಡೂ ಅರ್ಧರ್ಧ ಎಂದುಕೊಂಡಿದ್ದ ಭಾಷೆಗಳು ಆ ಕೆಲಸಕ್ಕೆ ಸಾಕಾದವು.

ಗೆಳತಿಯರೇ, ಗೆಳೆಯರೇ, ಕಾದಂಬರಿ ಓದಲು ಪುರುಸೊತ್ತು ಇಲ್ಲದಿದ್ದರೆ 2019ರಲ್ಲಿ ಬಂದ ಸಿನಿಮಾ ನೋಡಿ, ಬಿ. ಜಯಶ್ರೀ ಮೂಕಜ್ಜಿಯಾಗಿದ್ದಾರೆ. ಅದಕ್ಕೂ ಮೊದಲು ನಿಮ್ಮ ಮನೆಯಲ್ಲಿ ಮಾತು ಕಡಿಮೆ ಇರುವವರ ಪಕ್ಕ ಹತ್ತು ನಿಮಿಷ ಕೂತು ನೋಡಿ. ನಮ್ಮ ಫುಪ್ಪಿ ಈಗ ಕೇಳುತ್ತಿರುವುದು, ಮುಂದಿನ ಪುಸ್ತಕ ಯಾವುದು ಎಂದು.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ