ಮಗನ ಅಂಗಳದ ಹಿಮ

ನಮ್ಮಲ್ಲಿ ಅಂಗಳ ಗುಡಿಸಲು ಒಂದು ಹಿಡಿಸೂಡಿ ಸಾಕು. ಮಗನ ಮನೆಯಲ್ಲಿ ಅದಕ್ಕೆ ಎಂಜಿನ್ ಇರುವ ಮಿಶಿನು ಬೇಕು. 2023ರ ಜನವರಿಯಲ್ಲಿ ಮೊಮ್ಮಗಳ ಜ್ಞಾನಸ್ನಾನಕ್ಕೆಂದು ನಾನೂ ಹೆಂಡತಿಯೂ ಕೆನಡಾಕ್ಕೆ ಹೋದೆವು. ಮಗ ಇರುವುದು ಒಂಟಾರಿಯೊ ಪ್ರಾಂತ್ಯದ ಬ್ಯಾರಿ ಎಂಬ ಊರಿನಲ್ಲಿ, ಟೊರೊಂಟೊದಿಂದ ಉತ್ತರಕ್ಕೆ ನೂರು ಕಿಲೋಮೀಟರಿನಷ್ಟು ದೂರ. ಜಾರ್ಜಿಯನ್ ಕೊಲ್ಲಿಯ ಮೇಲಿಂದ ಬೀಸುವ ತಣ್ಣನೆಯ ಗಾಳಿ ಸರೋವರದ ನೀರಾವಿಯನ್ನು ಹೊತ್ತು ತಂದು ಆ ಕಡೆಗೆಲ್ಲ ಹಿಮವಾಗಿ ಸುರಿಸುತ್ತದೆ. ನಮಗೆ ಅರಬ್ಬೀ ಸಮುದ್ರದಿಂದ ಮಳೆ ಬಂದ ಹಾಗೆ ಎಂದಿಟ್ಟುಕೊಳ್ಳಿ. ಮಳೆಯಾದರೆ ಹರಿದು ಹೋಗುತ್ತದೆ, ಹಿಮ ಹೋಗುವುದಿಲ್ಲ. ಬಾಗಿಲ ಮುಂದೆಯೇ ಕುಳಿತಿರುತ್ತದೆ.

ಅದನ್ನು ಎತ್ತಿ ಎಸೆಯುವ ಯಂತ್ರವೇ ಸ್ನೋ ಥ್ರೋವರ್. ಗ್ಯಾಸಿನಲ್ಲಿ ಓಡುತ್ತದೆ ಎಂದು ಸೊಸೆ ಹೇಳಿದಾಗ, ಸಿಲಿಂಡರ್ ಎಲ್ಲಿ ಕಟ್ಟುವುದು ಎಂದು ನನ್ನ ಹೆಂಡತಿ ಕೇಳಿದಳು. ಅಲ್ಲಿ ಪೆಟ್ರೋಲಿಗೆ ಗ್ಯಾಸ್ ಎನ್ನುತ್ತಾರೆ ಮಾರಾಯ್ರೆ. ಯಂತ್ರದ ಮುಂದುಗಡೆ ಒಂದು ಅಗಲವಾದ ಬಾಯಿ. ಅದರೊಳಗೆ ತಿರುಪಿನ ಆಕಾರದ ಅಲಗು ತಿರುಗುತ್ತಾ ಹಿಮವನ್ನು ನಡುವಿಗೆ ಎಳೆದು ತರುತ್ತದೆ. ಹಿಂದೆ ಇರುವ ಇನ್ನೊಂದು ರೆಕ್ಕೆ ಭಾರೀ ವೇಗದಲ್ಲಿ ಅದನ್ನು ಮೇಲಿನ ಕೊಳವೆಯ ಮೂಲಕ ದೂರಕ್ಕೆ ಎಸೆಯುತ್ತದೆ. ಇಂಥ ಯಂತ್ರವನ್ನು 1925ರಲ್ಲಿ ಅದೇ ದೇಶದ ಕ್ವಿಬೆಕ್‌ನ ಆರ್ಥರ್ ಸಿಕಾರ್ ಎಂಬವರು ತಯಾರಿಸಿದರಂತೆ. ಧಾನ್ಯ ಒಕ್ಕುವ ಯಂತ್ರವನ್ನು ನೋಡಿ ಅವರಿಗೆ ಈ ಯೋಚನೆ ಬಂದದ್ದಂತೆ. ಕೃಷಿಕನಾದ ನನಗೆ ಅದು ಕೇಳಿ ಖುಷಿಯಾಯಿತು.

ಖುಷಿಯ ಜೊತೆ ಸ್ವಲ್ಪ ಅಹಂಕಾರವೂ ಬಂತು ಎನ್ನಿ. ಮೂವತ್ತೈದು ವರ್ಷ ಅಡಿಕೆ ತೋಟದಲ್ಲಿ ಪಂಪು, ಮದ್ದು ಬಿಡುವ ಮಿಶಿನು, ಹುಲ್ಲು ಕೊಯ್ಯುವ ಮಿಶಿನು ಎಲ್ಲವನ್ನೂ ನಡೆಸಿದವನು ನಾನು. ಮಗ ಮೊದಲ ದಿನ ಪಾಠ ಹೇಳಲು ಹೊರಟಾಗ ನಗು ಬಂತು. ಚಳಿ ಎಂದು ನಾನು ಗ್ಯಾರೇಜಿನ ಒಳಗೇ ಎಂಜಿನ್ ಶುರು ಮಾಡಹೊರಟೆ. "ಪಪ್ಪ, ಬೇಡ, ಮೊದಲು ಹೊರಗೆ ತಳ್ಳಿ. ಬಾಗಿಲು ತೆರೆದಿದ್ದರೂ ಒಳಗೆ ಶುರು ಮಾಡಬಾರದು," ಎಂದ. ಎಂಜಿನಿನ ಹೊಗೆಯಲ್ಲಿ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಗ್ಯಾರೇಜಿನಿಂದ ಅದು ಮಲಗುವ ಕೋಣೆಗೂ ನುಗ್ಗಬಹುದು. ಆ ಮಾತಿಗೆ ನಾನು ಸುಮ್ಮನಾದೆ. ಬಾವಿಯೊಳಗೆ ಪೆಟ್ರೋಲ್ ಪಂಪು ಇಳಿಸಿ ನೀರು ಖಾಲಿ ಮಾಡಲು ಹೋದವರು ಮೇಲೆ ಬಾರದ ಸುದ್ದಿಯನ್ನು ನಾವೂ ಕೇಳಿದವರೇ ಅಲ್ಲವೇ.

ಉಳಿದದ್ದನ್ನು ಅವನು ಬೇಗ ಬೇಗ ಹೇಳಿದ. ಪೆಟ್ರೋಲ್ ಹಾಕುವುದು ಎಂಜಿನ್ ತಣ್ಣಗಿರುವಾಗ, ಅದೂ ಹೊರಗೆ. ಶಾಲು, ಉದ್ದದ ಮಫ್ಲರ್ ಬೇಡ. ಕೊಳವೆಯ ಬಾಯಿ ಯಾರ ಕಡೆಗೂ, ಯಾವ ಕಿಟಕಿಯ ಕಡೆಗೂ ಇರಬಾರದು, ಹಿಮದ ಜೊತೆ ಕಲ್ಲೂ ಹಾರುತ್ತದೆ. ಹಿಮವನ್ನು ರಸ್ತೆಗೆ ಎಸೆಯುವಂತಿಲ್ಲ. ಹಿಡಿಕೆಯಲ್ಲಿ ಎರಡು ಲಿವರ್, ಒಂದು ಗಾಲಿಗೆ, ಇನ್ನೊಂದು ಅಲಗಿಗೆ. ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಅವು ಓಡುತ್ತವೆ. ಕೈ ನೋಯುತ್ತದೆ ಎಂದು ಹಗ್ಗದಲ್ಲಿ ಕಟ್ಟುವವರೂ ಇದ್ದಾರಂತೆ. ಎರಡು ದಿನ ಅವನ ಕಣ್ಣೆದುರು ನಡೆಸಿದೆ, ಏನೂ ತೊಂದರೆಯಾಗಲಿಲ್ಲ. ಪುಡಿ ಹಿಮ, ಹಿಟ್ಟಿನಂತೆ ಹಾರುತ್ತಿತ್ತು.

ಜ್ಞಾನಸ್ನಾನದ ಆದಿತ್ಯವಾರ ಹಾಗಿರಲಿಲ್ಲ. ರಾತ್ರಿ ಚಳಿ ಸ್ವಲ್ಪ ಇಳಿದು ಒದ್ದೆ ಹಿಮ ಬಿದ್ದಿತ್ತು. ಸಾಲದ್ದಕ್ಕೆ ಮುಂಜಾನೆ ರಸ್ತೆಯ ಹಿಮ ಗೋರುವ ದೊಡ್ಡ ವಾಹನ ಬಂದು ನಮ್ಮ ಅಂಗಳದ ಬಾಯಿಗೆ ಮೊಣಕಾಲೆತ್ತರದ ಗುಡ್ಡೆ ಹಾಕಿ ಹೋಗಿತ್ತು. ಮಗು ರಾತ್ರಿಯಿಡೀ ಅತ್ತಿದ್ದರಿಂದ ಮಗನಿಗೂ ಸೊಸೆಗೂ ನಿದ್ದೆ ಇಲ್ಲ. ಮಲಗಲಿ ಪಾಪ, ಪೂಜೆಗೆ ಹೊರಡುವ ಮೊದಲು ಕಾರಿಗೆ ದಾರಿ ಮಾಡಿಡೋಣ ಎಂದು ನಾನೊಬ್ಬನೇ ಹೊರಗೆ ಬಂದೆ.

ಗುಡ್ಡೆಗೆ ಮಿಶಿನಿನ ಪೂರ್ತಿ ಬಾಯಿ ಕೊಟ್ಟು ನುಗ್ಗಿಸಿದೆ. ಅದೇ ತಪ್ಪು. ಭಾರದ ಹಿಮಕ್ಕೆ ಅರ್ಧ ಬಾಯಿ ಕೊಟ್ಟು, ಎಂಜಿನನ್ನು ಪೂರ್ತಿ ವೇಗದಲ್ಲಿಟ್ಟು, ಮೆಲ್ಲಗೆ ಮುಂದೆ ಹೋಗಬೇಕು ಎಂದು ಆಮೇಲೆ ತಿಳಿಯಿತು. ಒಂದು ನಿಮಿಷದಲ್ಲಿ ಎಂಜಿನ್ ನರಳಿತು, ಕೊಳವೆಯಿಂದ ಬರುವುದು ನಿಂತಿತು. ಒಳಗೆ ಹಿಮ ಗಟ್ಟಿ ಕಟ್ಟಿಕೊಂಡಿತ್ತು. ನಾನೇನು ಅಷ್ಟು ಪೆದ್ದನಲ್ಲ. ಲಿವರ್ ಬಿಟ್ಟೆ, ಎಂಜಿನ್ ಆಫ್ ಮಾಡಿದೆ, ಕೀ ತೆಗೆದು ಕಿಸೆಗೆ ಹಾಕಿದೆ. ಇನ್ನೇನು ಭಯ ಎಂದು ಬಗ್ಗಿ ಬಲಗೈಯನ್ನು ಕೊಳವೆಯ ಬಾಯಿಗೆ ಕೊಂಡುಹೋದೆ.

"ನೋ! ನೋ!" ಎಂದು ಯಾರೋ ಕಿರುಚಿದರು. ಪಕ್ಕದ ಮನೆಯ ಮುದುಕರು, ಎಂಬತ್ತರ ಹತ್ತಿರದವರು, ಕೋಟು ಕೂಡ ಇಲ್ಲದೆ, ಮನೆಯ ಚಪ್ಪಲಿಯಲ್ಲೇ ಹಿಮದ ಮೇಲೆ ಬರುತ್ತಿದ್ದಾರೆ. ಬಂದವರೇ ನನ್ನ ಮಣಿಕಟ್ಟು ಹಿಡಿದುಕೊಂಡರು. ಎಂಜಿನ್ ಆಫ್ ಆಗಿದೆ ಎಂದು ಕೀ ತೋರಿಸಿದೆ. ಅವರು ಉತ್ತರಿಸದೆ ಯಂತ್ರದ ಬೆನ್ನಿಗೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಕೋಲನ್ನು ಕಳಚಿಕೊಂಡರು. ಅದನ್ನು ನಾನು ಮಕ್ಕಳ ಆಟದ ಸಾಮಾನು ಎಂದುಕೊಂಡಿದ್ದೆ! ಕೋಲಿನಿಂದ ಒಳಗೆ ನಾಲ್ಕೈದು ಸಲ ತಿವಿದರು. ಹಿಮ ಕುಸಿಯಿತು. ಕುಸಿದದ್ದೇ ಒಳಗಿನ ರೆಕ್ಕೆ ಟಪ್ಪೆಂದು ಹೊರಳಿತು, ಕೋಲು ಅವರ ಕೈಯಲ್ಲೇ ಅದುರಿತು. ಕೀ ಇನ್ನೂ ನನ್ನ ಬೆರಳುಗಳ ನಡುವೆ ಇತ್ತು.

ಆಮೇಲೆ ಅವರು ತಮ್ಮ ಬಲಗೈ ತೋರಿಸಿದರು. ಎರಡು ಬೆರಳು ಅರ್ಧಕ್ಕೇ ನಿಂತಿದ್ದವು. ಅವರ ಎಂಜಿನ್ ಕೂಡ ಆಫ್ ಆಗಿತ್ತಂತೆ.

ವಿಷಯ ಇಷ್ಟೇ. ತಿರುಗುತ್ತಿದ್ದ ರೆಕ್ಕೆಯನ್ನು ಹಿಮ ಹಿಡಿದು ನಿಲ್ಲಿಸಿರುತ್ತದೆ. ಎಂಜಿನ್ ಸತ್ತರೂ ಬೆಲ್ಟಿನಲ್ಲಿ ಆ ಎಳೆತ ಉಳಿದಿರಬಹುದು. ಬಗ್ಗಿಸಿ ಕಟ್ಟಿದ ಬಿದಿರಿನ ಹಾಗೆ. ಕಟ್ಟು ಬಿಚ್ಚಿದವನ ಮುಖಕ್ಕೇ ಅದು ಬಡಿಯುವುದು. ಲಿವರ್ ಬಿಡಬೇಕು, ಎಂಜಿನ್ ನಿಲ್ಲಿಸಬೇಕು, ಕೀ ತೆಗೆಯಬೇಕು, ಎಲ್ಲವೂ ಪೂರ್ತಿ ನಿಲ್ಲುವ ತನಕ ಕಾಯಬೇಕು. ಇಷ್ಟೆಲ್ಲ ಆದ ಮೇಲೂ ಒಳಗೆ ಹೋಗಬೇಕಾದದ್ದು ಕೋಲು, ಕೈ ಅಲ್ಲ. ದಪ್ಪ ಕೈಚೀಲ ಹಾಕಿದ ಕೈಯೂ ಅಲ್ಲ.

ಅಂದು ಇಗರ್ಜಿಯಲ್ಲಿ ಮಗುವಿನ ಮೇಣದ ಬತ್ತಿಯನ್ನು ಸ್ವಲ್ಪ ಹೊತ್ತು ಹಿಡಿಯಲು ನನಗೆ ಕೊಟ್ಟರು. ಬಲಗೈಯಲ್ಲಿ ಹಿಡಿದುಕೊಂಡೆ. ಫಾದರ್ ಹೇಳಿದ್ದು ಅರ್ಧವೂ ನನ್ನ ತಲೆಗೆ ಹೋಗಲಿಲ್ಲ. ಮಗನಿಗೆ ಸಂಜೆ ಹೇಳಿದೆ. ಅವನು ಬೈಯಲಿಲ್ಲ, ಸುಮ್ಮನೆ ಎದ್ದು ಹೋಗಿ ಆ ಕೋಲಿಗೆ ಕೆಂಪು ಟೇಪು ಸುತ್ತಿ ಬಂದ. ಹೆಂಡತಿಗೆ ಮಾತ್ರ ಹಿಮ ಸಿಕ್ಕಿಕೊಂಡಿತ್ತು ಎಂದಷ್ಟೇ ಹೇಳಿದ್ದೆ. ಉಳಿದದ್ದನ್ನು ಅವಳು ಇಲ್ಲಿಯೇ ಓದಬೇಕಷ್ಟೆ.

ಆ ಮುದುಕರು ಆಮೇಲೆ ನನಗೆ ದೋಸ್ತಿಯಾದರು. ಕೊಳವೆಯ ಒಳಗೆ ಅಡುಗೆ ಎಣ್ಣೆಯ ಸ್ಪ್ರೇ ಹೊಡೆದರೆ ಹಿಮ ಅಂಟುವುದು ಕಡಿಮೆ ಎಂದು ಹೇಳಿಕೊಟ್ಟರು. ನಾವು ದೋಸೆ ಕಾವಲಿಗೆ ಎಣ್ಣೆ ಸವರಿದಂತೆ. ಅಲಗಿಗೆ ಹಾಕಿದ ಸಣ್ಣ ಪಿನ್ನನ್ನೂ ತೋರಿಸಿದರು. ಕಲ್ಲೋ ಮಂಜುಗಡ್ಡೆಯೋ ತಾಗಿದರೆ ಗೇರ್‌ಬಾಕ್ಸ್ ಒಡೆಯುವ ಮೊದಲು ಅದು ತಾನು ಮುರಿಯಬೇಕು, ಆದ್ದರಿಂದ ಅದರ ಜಾಗಕ್ಕೆ ಗಟ್ಟಿ ಬೋಲ್ಟ್ ಹಾಕಬಾರದು ಎಂದರು. ನಾನಾಗಿದ್ದರೆ ಖಂಡಿತ ಬೋಲ್ಟನ್ನೇ ಹಾಕುತ್ತಿದ್ದೆ. ಹಿಮ ಬೀಳುವ ಮುಂಚೆ ಅಂಗಳದ ಮೆಟ್ಟುಹಾಸು, ಪೇಪರು, ಮಕ್ಕಳ ಆಟಿಕೆ ಎಲ್ಲ ಹೆಕ್ಕಬೇಕು, ಬಿದ್ದ ಮೇಲೆ ಅವು ಕಾಣುವುದಿಲ್ಲ. ಕೆಲಸ ಮುಗಿದ ಮೇಲೆ ಒಂದು ನಿಮಿಷ ಖಾಲಿ ಓಡಿಸಿದರೆ ಒಳಗಿನ ಹಿಮ ಹೊರಗೆ ಹೋಗಿ, ಅಲಗು ಮರಗಟ್ಟುವುದು ತಪ್ಪುತ್ತದೆ.

ನಮ್ಮ ಎಷ್ಟೋ ಮನೆಗಳ ಮಕ್ಕಳು ಈಗ ಆ ಕಡೆ ಇದ್ದಾರೆ. ಚಳಿಗಾಲದಲ್ಲಿ ಹೋಗುವ ಅಪ್ಪಂದಿರಿಗೆ ಸುಮ್ಮನೆ ಕುಳಿತಿರಲು ಆಗುವುದಿಲ್ಲ ಎಂದು ನನಗೆ ಗೊತ್ತಿದೆ. ಅದಕ್ಕೇ ಇಷ್ಟು ಬರೆದೆ.

ಊರಿಗೆ ಬಂದ ಮೇಲೆ ಅಟ್ಟ ಹತ್ತಿದೆ. ಹುಲ್ಲು ಕೊಯ್ಯುವ ಮಿಶಿನಿನ ಅಲಗಿಗೆ ಅಡ್ಡವಾಗಿರುವ ಪ್ಲಾಸ್ಟಿಕ್ ಕವಚವನ್ನು, ಹುಲ್ಲು ಸಿಕ್ಕಿಕೊಳ್ಳುತ್ತದೆ ಎಂದು ನಾನೇ ಬಿಚ್ಚಿ ಅಲ್ಲಿ ಎಸೆದಿದ್ದೆ. ಜೇಡನ ಬಲೆ ಕಟ್ಟಿತ್ತು, ಒಂದು ಬೋಲ್ಟ್ ಕಾಣೆಯಾಗಿತ್ತು. ಕುಂಬಳೆಯಿಂದ ತಂದು ಕೂರಿಸಿದೆ. ಕೆಲಸದವನು ನೋಡಿ ನಕ್ಕ. "ಇದು ಅಡ್ಡ ಬರ್ತದೆ ಧನೀ," ಎಂದ.

ಬರಲಿ ಎಂದೆ.