ಸಲಾಕೆಗೆ ಕಿವಿ ಕೊಟ್ಟ ರಾತ್ರಿಗಳು

ನಮ್ಮ ದೊಡ್ಡಪ್ಪ ಬೆಂಗಳೂರಿನ ನೀರು ಸರಬರಾಜಿನಲ್ಲಿ ಫಿಟ್ಟರ್ ಆಗಿದ್ದರು. ಬೀದಿಯವರ ಬಾಯಲ್ಲಿ ‘ನೀರಪ್ಪ’. 1970ರ ದಶಕದ ಕೊನೆಯಲ್ಲಿ ಬೇಸಿಗೆ ರಜೆಗೆ ಮಲ್ಲೇಶ್ವರದ ಅವರ ಮನೆಗೆ ಹೋದಾಗ, ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಕರೆದೊಯ್ಯುತ್ತಿದ್ದರು. ನನ್ನ ಕೈಯಲ್ಲಿ ಟಾರ್ಚು, ಅವರ ಹೆಗಲ ಮೇಲೆ ನಾಲ್ಕಡಿ ಕಬ್ಬಿಣದ ಸಲಾಕೆ. ವಾಲ್ವಿನ ಗುಂಡಿಯ ಮುಚ್ಚಳ ಎತ್ತಿ, ಸಲಾಕೆಯ ಒಂದು ತುದಿಯನ್ನು ವಾಲ್ವಿನ ಮೇಲಿಟ್ಟು, ಇನ್ನೊಂದನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದರು.

“ಉಸಿರು ಹಿಡ್ಕೊಂಡು ಕೇಳು ಮಗಾ.”

ಯಾರೋ ನಲ್ಲಿ ಬಿಟ್ಟಿದ್ದರೆ ಸದ್ದು ಬರುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಸೋರಿಕೆಯ ಸದ್ದಿಗೆ ನಿಲ್ಲುವುದೇ ಗೊತ್ತಿಲ್ಲ. ಸಣ್ಣ ತೂತಾದರೆ ‘ಸುಂಯ್’ ಎಂಬ ಕೀರಲು ದನಿ, ದೊಡ್ಡದಾದರೆ ಗುಂಯ್‌ಗುಡುವ ದಪ್ಪ ದನಿ. ನನಗೆ ಕೇಳಿಸುತ್ತಿದ್ದದ್ದು ಹೆಚ್ಚಾಗಿ ನನ್ನ ಎದೆ ಬಡಿತವೇ.

ಹಗಲು ಕಣ್ಣಿನ ಕೆಲಸ. ಏಪ್ರಿಲ್ ಬಿಸಿಲಲ್ಲೂ ರಸ್ತೆಯಂಚಿನಲ್ಲಿ ಗರಿಕೆ ಹಸಿರಾಗಿದ್ದರೆ ಅವರಿಗೆ ಅನುಮಾನ. ಒಸರಿದ ನೀರನ್ನು ಬೊಗಸೆಯಲ್ಲಿ ಹಿಡಿದು ಮೂಸುತ್ತಿದ್ದರು. ಬ್ಲೀಚಿಂಗ್ ಪುಡಿಯ ವಾಸನೆ ಬಂದರೆ ಅದು ನಲ್ಲಿ ನೀರೇ.

ಅಗೆದ ಮೇಲೆ ನಿಜವಾದ ಕಸುಬು. ಬೀಡು ಕಬ್ಬಿಣದ ಪೈಪುಗಳ ಜಾಯಿಂಟಿಗೆ ಸೆಣಬಿನ ಹುರಿ ತುರುಕಿ, ಸುತ್ತ ಜೇಡಿಮಣ್ಣಿನ ಕಟ್ಟೆ ಕಟ್ಟಿ, ಕಾದ ಸೀಸ ಸುರಿದು, ಆರಿದ ಮೇಲೆ ಉಳಿಯಿಂದ ಬಡಿದು ಬಿಗಿ ಮಾಡಬೇಕು. ಒಳಗೆ ಒಂದಿಷ್ಟು ತೇವ ಉಳಿದಿದ್ದರೂ ಸೀಸ ಸಿಡಿಯುತ್ತದೆ. ದೊಡ್ಡಪ್ಪನ ಮೊಣಕೈ ಮೇಲೆ ಅದರ ಗುರುತುಗಳಿದ್ದವು. ಸೋರುವ ಪೈಪನ್ನು ಮೊದಲು ಪೂರ್ತಿ ಒಣಗಿಸಬೇಕು, ಕಷ್ಟವೆಲ್ಲ ಅಲ್ಲೇ ಇದ್ದದ್ದು.

ಸಲಾಕೆಯ ಕಾಲ ಯಾವಾಗ ಮುಗಿಯಿತೆಂದು ದಿನ ಗೊತ್ತುಮಾಡಿ ಹೇಳಲಾರೆ. ಹೊಸ ಬಡಾವಣೆಗಳಲ್ಲಿ ಪ್ಲಾಸ್ಟಿಕ್ ಪೈಪು ಬಂತು. ಕಬ್ಬಿಣದಷ್ಟು ದೂರ ಅದು ಸದ್ದನ್ನು ಒಯ್ಯುವುದಿಲ್ಲ. ರಾತ್ರಿಯ ನಿಶ್ಶಬ್ದವೂ ಹೋಯಿತು. ನೀರು ದಿನ ಬಿಟ್ಟು ದಿನವಾಯಿತು. ಖಾಲಿ ಪೈಪು ಏನು ಕೂಗೀತು? ಕೂಗದಿದ್ದರೆ ಹೋಗಲಿ, ಪೈಪು ಖಾಲಿಯಾಗುವಾಗ ಅದೇ ತೂತು ಹೊರಗಿನ ಕೊಚ್ಚೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮೊದಲು ಬಂದ ಎರಡು ಬಿಂದಿಗೆಯನ್ನು ಚೆಲ್ಲುವ ನಮ್ಮ ಹೆಂಗಸರ ರೂಢಿ ದಂಡದ್ದಲ್ಲ.

ಈಗ ಯಂತ್ರಗಳಿವೆ. ಪೈಪಿನ ಎರಡು ಕಡೆ ಸೆನ್ಸರ್ ಕೂರಿಸಿ, ಸದ್ದು ಯಾವ ಕಡೆಗೆ ಎಷ್ಟು ಬೇಗ ಮುಟ್ಟಿತೆಂದು ಲೆಕ್ಕಹಾಕಿ ತೂತಿನ ಜಾಗ ತೋರಿಸುವ ಕೊರಿಲೇಟರ್ ಇದೆ. ಒಂದು ಪ್ರದೇಶಕ್ಕೆ ಒಂದೇ ಕಡೆ ನೀರು ಒಳಬರುವಂತೆ ಮಾಡಿ, ಅಲ್ಲಿ ಮೀಟರಿಟ್ಟು, ನಡುರಾತ್ರಿಯ ಹರಿವನ್ನು ಅಳೆಯುತ್ತಾರೆ. ಊರು ಮಲಗಿದ್ದರೂ ಹರಿವು ತಗ್ಗದಿದ್ದರೆ ಹೆಚ್ಚಾಗಿ ಸೋರಿಕೆ ಎಂದೇ ಅರ್ಥ. ದೊಡ್ಡಪ್ಪನ ಎರಡು ಗಂಟೆಯ ಲೆಕ್ಕವೇ ಇದು. ಆದರೆ ಯಂತ್ರ ತೋರಿಸಿದ ಮೇಲೂ ಅಗೆಯಲು ಒಬ್ಬ ಬೇಕಲ್ಲ, ಆ ಒಬ್ಬ ಬರುವಷ್ಟರಲ್ಲಿ ವಾರ ಕಳೆದಿರುತ್ತದೆ.

ಹೀಗೆ ಸೋರಿಹೋಗುವುದು ಸುಲಭಕ್ಕೆ ಸಿಕ್ಕ ನೀರಲ್ಲ. ಕಾವೇರಿ ನೀರಿನ ಯೋಜನೆಯ ಮೊದಲ ಹಂತ ಬೆಂಗಳೂರಿಗೆ ಬಂದದ್ದು 1974ರಲ್ಲಿ. ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪು ಮಾಡಿ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಮೇಲೆತ್ತಿ ತಂದ ನೀರದು. ಹೋದ ವರ್ಷ ನನ್ನ ಮನೆಯಲ್ಲೇ ಅದು ಮೂರು ತಿಂಗಳು ಚರಂಡಿ ಪಾಲಾಯಿತು. ಬಿಲ್ಲು ಏರಿದಾಗ ಮೀಟರನ್ನು ಬೈದೆ. ನೋಡಿದರೆ ಸಂಪಿನ ಬಾಲ್‌ವಾಲ್ವಿನ ವಾಷರ್ ಸವೆದು, ತುಂಬಿದ ನೀರು ಓವರ್‌ಫ್ಲೋ ಪೈಪಿನಿಂದ ಸದ್ದಿಲ್ಲದೆ ಮೋರಿಗೆ ಇಳಿಯುತ್ತಿತ್ತು. ನೀರಪ್ಪನ ಮನೆತನದವನು ನಾನು!

ನೀವೂ ಒಮ್ಮೆ ನೋಡಿಕೊಳ್ಳಿ. ನೀರು ಬಿಟ್ಟ ದಿನ ಸಂಪು ತುಂಬಿದ ಮೇಲೆ, ರಸ್ತೆ ಪೈಪಿನಿಂದ ನೇರ ಬರುವ ನಲ್ಲಿಗಳನ್ನೆಲ್ಲ ಮುಚ್ಚಿ ಮೀಟರಿನ ಚಿಕ್ಕ ಚಕ್ರವನ್ನು ನೋಡಿ. ಕಕ್ಕಸಿನ ಫ್ಲಷ್ ಟ್ಯಾಂಕಿಗೆ ಚಿಟಿಕೆ ಬಣ್ಣ ಕದಡಿ ಅರ್ಧ ಗಂಟೆ ಬಿಡಿ. ಚಕ್ರ ತಿರುಗಿದರೆ, ಫ್ಲಷ್ ಮಾಡದೆಯೇ ಕೆಳಗೆ ಬಣ್ಣ ಇಳಿದರೆ, ಪ್ಲಂಬರನ್ನು ಅಂದೇ ಕರೆಯಿರಿ.